ಶುಭ ಕೋರುವವರ ಸಾಲಿನಲ್ಲಿ ಹನುಮಂತರಾಯಪ್ಪ

ಬೆಳಿಗ್ಗೆ ಆರೂವರೆಗೆ ಹಾಲು ತರಲು ಹೊರಟ ಹನುಮಂತರಾಯಪ್ಪ ಗಣೇಶನ ಪೆಂಡಾಲಿನ ಮುಂದೆ ಹೊಸದಾಗಿ ಕಟ್ಟಿದ್ದ ಫ್ಲೆಕ್ಸ್ ನೋಡಿ ನಿಂತ. ಅದರಲ್ಲಿ ಅವನ ಹೆಂಡತಿ, ಮಗ, ಮಗಳು ಮೂವರೂ ಇದ್ದರು. ಅವನಿರಲಿಲ್ಲ.

ಅದು 2012ರ ಗಣೇಶನ ಹಬ್ಬ ಕಳೆದು ಬಂದ ಭಾನುವಾರ. ಕುಂದಲಹಳ್ಳಿಯ ಹಳೇ ಊರಿನ ಬೀದಿಯಲ್ಲಿ ಅಂದು ಸಂಜೆ ಏಳಕ್ಕೆ ಸಂಗೀತ ಕಾರ್ಯಕ್ರಮ. ಹದಿನಾಲ್ಕು ವರ್ಷದಿಂದ ಆ ಕಾರ್ಯಕ್ರಮ ಕೊಡುತ್ತ ಬಂದದ್ದು 'ಹನುಮಂತರಾಯಪ್ಪ ಅಂಡ್ ಫ್ಯಾಮಿಲಿ ಮೆಲೋಡೀಸ್'. ಈ ಸಲ ಆ ಹೆಸರೇ ಇಲ್ಲ. ಬೆಂಕಿ ಹತ್ತಿಕೊಂಡ ಅಕ್ಷರಗಳಲ್ಲಿ 'ಕಬ್ಬಿಣ' ಎಂದು ಬರೆದಿತ್ತು. ಅದರ ಕೆಳಗೆ 'ಹೆವಿ ರಾಕ್ ಸಂಗೀತ ಸಂಜೆ'. ಎಡಕ್ಕೆ ಗಿಟಾರನ್ನು ಗುದ್ದಲಿಯ ಹಾಗೆ ಎತ್ತಿ ಹಿಡಿದ ಮಗ ಲೋಕೇಶ್. ಬಲಕ್ಕೆ ಡ್ರಮ್ ಬಾರಿಸುವ ಕೋಲುಗಳನ್ನು ಎದೆಯ ಮೇಲೆ ಅಡ್ಡ ಹಿಡಿದ ಮಗಳು ದಿವ್ಯಾ. ನಡುವೆ ಕಪ್ಪು ಸೀರೆ, ಕಾಸಗಲ ಕುಂಕುಮ, ಬಿಚ್ಚಿದ ಜಡೆಯ ಅಂಜಿನಮ್ಮ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು ಹನುಮಂತರಾಯಪ್ಪ ಒಂದು ಕ್ಷಣ ಗುರುತು ಹಿಡಿಯಲಿಲ್ಲ. ಹಿಡಿದ ಮೇಲೆ ಹಿಡಿಯದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಎಲ್ಲೋ ಮೂಲೆಯಲ್ಲಾದರೂ ತಾನಿರಬೇಕು ಎಂದು ಕಣ್ಣಾಡಿಸಿದ. ಇದ್ದ. ಫ್ಲೆಕ್ಸಿನ ತೀರಾ ಕೆಳಗೆ, 'ಶುಭ ಕೋರುವವರು' ಎಂಬ ಸಾಲಿನಲ್ಲಿ, ಕೋಳಿ ಅಂಗಡಿಯವನಿಗೂ ಪಂಕ್ಚರ್ ಅಂಗಡಿಯವನಿಗೂ ನಡುವೆ, ಕಪ್ಪು ಕನ್ನಡಕ ಹಾಕಿಕೊಂಡು, ಮೊಬೈಲನ್ನು ಕಿವಿಗಿಟ್ಟುಕೊಂಡು. ಅವನ ಹತ್ತಿರ ಕಪ್ಪು ಕನ್ನಡಕ ಇರಲಿಲ್ಲ. ಫ್ಲೆಕ್ಸ್ ಮಾಡುವವನು ಆ ಸಾಲಿನ ಹನ್ನೊಂದು ಜನಕ್ಕೂ ಒಂದೇ ಕನ್ನಡಕ ತೊಡಿಸಿದ್ದ.

ಹಾಲು ತರದೆ ಮನೆಗೆ ವಾಪಸಾದ. ಅಂಜಿನಮ್ಮ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು.

"ನನ್ನ ತಂಡಕ್ಕೆ ನಾನೇ ಶುಭ ಕೋರ್ಬೇಕಾ?" ಎಂದ.

"ಬೇಡ ಅಂದ್ರೆ ಕೋರ್ಬೇಡಿ ಬಿಡಿ," ಎಂದಳು ಅಂಜಿನಮ್ಮ. "ಹಾಲೆಲ್ಲಿ?"

ಈ ಅನಾಹುತ ಆರಂಭವಾದದ್ದು ಐದು ತಿಂಗಳ ಹಿಂದೆ. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಲೋಕೇಶ್ ಒಂದು ದಿನ ಕಾಲಲ್ಲಿ ಒತ್ತುವ ಪೆಡಲ್ಲೊಂದನ್ನು ಮನೆಗೆ ತಂದ. ಅದನ್ನು ಒತ್ತಿದರೆ ಗಿಟಾರಿನ ದನಿ ಮಿಕ್ಸಿಯೊಳಗೆ ಚಮಚ ಬಿದ್ದಂತೆ ಆಗುತ್ತಿತ್ತು. ಕೆಟ್ಟುಹೋಗಿದೆ, ವಾಪಸು ಕೊಡು ಎಂದು ಹನುಮಂತರಾಯಪ್ಪ ಬುದ್ಧಿ ಹೇಳಿದ. ಕೆಟ್ಟಿಲ್ಲ, ಅದು ಹಾಗೇ ಇರುವುದು ಎಂದ ಲೋಕೇಶ್. ಮರುವಾರ ದಿವ್ಯಾ, ಹಳೇ ವೈಟ್‌ಫೀಲ್ಡಿನಲ್ಲಿ ಮನೆ ಖಾಲಿ ಮಾಡುತ್ತಿದ್ದ ಆಂಗ್ಲೋ-ಇಂಡಿಯನ್ ದಂಪತಿಯಿಂದ ಒಂದು ಡ್ರಮ್ ಸೆಟ್ಟನ್ನು ಗೂಡ್ಸ್ ಆಟೊದಲ್ಲಿ ಹೇರಿಕೊಂಡು ಬಂದಳು. ಮೊದಲು ಒಂದು ಹಾಡಿಗೆ ಮಾತ್ರ ಅಂದರು. ಆಮೇಲೆ ಕೊನೆಯ ಎರಡು ಹಾಡಿಗೆ ಅಂದರು. ವರಮಹಾಲಕ್ಷ್ಮಿ ಹಬ್ಬ ಬರುವ ಹೊತ್ತಿಗೆ ಲಕ್ಷ್ಮಿಯ ಮೇಲಿನ ಹಾಡೂ ಲಕ್ಷ್ಮಿ ಹೆದರಿ ಹೊರಟುಹೋಗುವಂತಾಗಿತ್ತು.

ಮಕ್ಕಳದ್ದು ಹುಡುಗುಬುದ್ಧಿ ಎಂದು ಬಿಡಬಹುದಿತ್ತು. ಅಂಜಿನಮ್ಮ ಅವರ ಕಡೆ ಸೇರಿದ್ದನ್ನು ಮಾತ್ರ ಅವನಿಗೆ ತಡೆದುಕೊಳ್ಳಲು ಆಗಿರಲಿಲ್ಲ.

"ಇಷ್ಟು ವರ್ಷ ನಿಮ್ಮ ಕೀಬೋರ್ಡ್ ಪೆಟ್ಟಿಗೆ ದನಿ ಮುಚ್ಚಿಹೋಗ್ಬಾರ್ದು ಅಂತ ಗಂಟಲು ಮಡಿಚಿಟ್ಕೊಂಡು ಹಾಡಿದ್ದೀನಿ ಕಣ್ರೀ," ಎಂದಳು, ಒಗ್ಗರಣೆಯ ಮೇಲಿಂದ ಕಣ್ಣು ತೆಗೆಯದೆ. "ಈಗ ಬಾಯ್ಬಿಟ್ಟು ಹಾಡ್ತಿದ್ದೀನಿ. ಬೆನ್ನು ನೋವು ಕೂಡ ಹೋಯ್ತು."

ಆ ಹೊತ್ತಿಗೆ ಲೋಕೇಶ್ ಎದ್ದು ಬಂದ. ಅವನು ಕಂಪನಿಯ ಮೀಟಿಂಗಿನಲ್ಲಿ ಮಾತಾಡುವ ಹಾಗೆ ತಣ್ಣಗೆ ವಿಷಯ ತಿಳಿಸಿದ. ತಂಡದ ಸೌಂಡು ಬದಲಾಗಿದೆ. ಅದಕ್ಕೆ ಕೀಬೋರ್ಡು ಹೊಂದುವುದಿಲ್ಲ. ಅಪ್ಪನಿಗೆ ಮುಂದಿನ ಸಾಲಿನಲ್ಲಿ ಒಳ್ಳೆಯ ಕುರ್ಚಿ ಹಾಕಿಸುತ್ತೇವೆ.

"ಯಾವತ್ತಿಂದ?" ಎಂದ ಹನುಮಂತರಾಯಪ್ಪ.

"ಇವತ್ತಿಂದ ಅಪ್ಪಾ."

ಹನುಮಂತರಾಯಪ್ಪ ಉಪ್ಪಿಟ್ಟು ಮುಟ್ಟಲಿಲ್ಲ. ವರ್ಷಗಳ ಹಿಂದೆ ಅವನ ಹೊಲ ಹೋಯಿತು, ಹೊಲದ ಜಾಗದಲ್ಲಿ ಗಾಜಿನ ಕಟ್ಟಡ ಬಂತು, ಮಿಕ್ಕ ಸೈಟಿನಲ್ಲಿ ಅವನೇ ಮೂರಂತಸ್ತು ಕಟ್ಟಿ ಹದಿನಾರು ರೂಮು ಬಾಡಿಗೆಗೆ ಕೊಟ್ಟ. ಊರವರಿಗೆ ಅವನು ಬಾಡಿಗೆಯ ಹನುಮಂತರಾಯಪ್ಪನೇ. ವರ್ಷಕ್ಕೊಂದು ಸಂಜೆ ಮಾತ್ರ, ಕೀಬೋರ್ಡಿನಲ್ಲಿ ಕೊಳಲಿನ ದನಿ ಹಾಕಿಕೊಂಡು ಕಣ್ಣು ಮುಚ್ಚಿದಾಗ, ಅವನು ಬೇರೆ ಏನೋ ಆಗುತ್ತಿದ್ದ. ಆ ಒಂದು ಸಂಜೆಯನ್ನೂ ಕುರ್ಚಿಯಲ್ಲಿ ಕೂತು ಕಳೆಯಲು ಅವನು ಸಿದ್ಧನಿರಲಿಲ್ಲ. ಹೇಗಾದರೂ ಮಾಡಿ ಸಂಜೆ ಏಳರೊಳಗೆ ಈ ಕಬ್ಬಿಣವನ್ನು ಗುಜರಿಗೆ ಹಾಕಬೇಕು ಎಂದುಕೊಂಡ.

ಮನೆಯವರು ತನ್ನ ಮಾತು ಕೇಳದಿದ್ದರೂ ಬೇರೆಯವರ ದೂರಿಗೆ ಹೆದರಬೇಕಲ್ಲ. ತಾಲೀಮು ನಡೆಯುವ ಶೆಡ್ಡಿನ ನೆತ್ತಿಯ ಮೇಲಿನ ರೂಮಿನಲ್ಲಿ ರೇವಣಸಿದ್ದ ಇದ್ದ. ಯಾದಗಿರಿ ಕಡೆಯವನು. ಮಹದೇವಪುರದಲ್ಲಿ ಏಳುತ್ತಿದ್ದ ಟೆಕ್ ಪಾರ್ಕಿನಲ್ಲಿ ರಾತ್ರಿ ಪಾಳಿಯಲ್ಲಿ ಕಾಂಕ್ರೀಟ್ ಹಾಕುವ ಕೆಲಸ, ಮಲಗುವುದು ಹಗಲು. ಅವನಿಗಿಂತ ನೊಂದವನು ಇನ್ನೊಬ್ಬ ಸಿಗಲಾರ ಎಂದು ಹನುಮಂತರಾಯಪ್ಪ ಮೆಟ್ಟಿಲು ಹತ್ತಿದ. ಕೆಳಗೆ ಆಗಲೇ ತಾಲೀಮು ಶುರುವಾಗಿ ಬಾಗಿಲಿನ ಚಿಲಕ ತಾನಾಗಿ ಕುಣಿಯುತ್ತಿತ್ತು. ನಾಲ್ಕು ಸಲ ಬಡಿದ ಮೇಲೆ ರೇವಣಸಿದ್ದ ಕಣ್ಣುಜ್ಜುತ್ತ ಬಂದ.

"ನಿದ್ದೆ ಮಾಡೋಕೆ ಆಗ್ತಿಲ್ಲ ಅಲ್ವಾ? ನಂಗೊತ್ತು. ಧೈರ್ಯವಾಗಿ ಒಂದು ಕಂಪ್ಲೇಂಟ್ ಹೇಳಿಬಿಡು, ನಾನಿದ್ದೀನಿ," ಎಂದ ಹನುಮಂತರಾಯಪ್ಪ.

"ಛಲೋ ನಿದ್ದಿ ಹತ್ತಿತ್ರಿ ಮಾಲಕ್ರ, ನೀವ ಬಂದ್ ಎಬ್ಬಿಸಿದ್ರಿ," ಎಂದ ರೇವಣಸಿದ್ದ. ಸೈಟಿನಲ್ಲಿ ಕಾಂಕ್ರೀಟ್ ಅದುಮುವ ಮಷೀನಿನ ಪಕ್ಕದಲ್ಲೇ ಅವನು ಊಟದ ಹೊತ್ತಿನ ನಿದ್ದೆ ತೆಗೆಯುವುದಂತೆ. ಲೋಕೇಶಣ್ಣನ ಗಿಟಾರು ಥೇಟ್ ಅದೇ ದನಿಯಂತೆ; ಕೇಳಿದರೆ ತಾಯಿ ತೊಟ್ಟಿಲು ತೂಗಿದಂತೆ ಆಗುತ್ತದಂತೆ. ಆಮೇಲೆ ಸ್ವಲ್ಪ ಹಿಂದೆಮುಂದೆ ನೋಡಿ, ಹೇಳಬೇಕೋ ಬೇಡವೋ ಎಂಬಂತೆ ಹೇಳಿದ: "ತ್ರಾಸ್ ಅಂದ್ರ ನಿಮ್ಮ ಪೆಟ್ಟಿಗಿದ ನೋಡ್ರಿ. ಅದ್ರಾಗ ಕೊಳಲು ಶುರು ಆತಂದ್ರ ಮೇಸ್ತ್ರಿ ಫೋನ್ ಬಂತಂತ ಗಾಬ್ರಿಯಾಗಿ ಎದ್ದ್ ಕುಂದರ್ತೀನಿ. ಅವನ ರಿಂಗ್‌ಟೋನ್ ಹಂಗ ಅದ."

ಹನುಮಂತರಾಯಪ್ಪ ಮೆಟ್ಟಿಲಿಳಿದ.

ಇನ್ನು ಉಳಿದದ್ದು ಒಂದೇ ಅಸ್ತ್ರ. ಮಹದೇವಪುರದಲ್ಲಿದ್ದ ಅವನ ಅಕ್ಕ ಸಿದ್ದಕ್ಕ. ವಯಸ್ಸು ಎಪ್ಪತ್ತರ ಮೇಲೆ. ಅವಳು ಒಮ್ಮೆ ಬಾಯಿ ತೆರೆದರೆ ಆ ಮನೆಯಲ್ಲಿ ಕುಕ್ಕರು ಕೂಡ ಕೂಗಲು ಯೋಚಿಸುತ್ತಿತ್ತು. ಅಂಜಿನಮ್ಮ ಇಂದಿಗೂ ಅವಳ ಎದುರು ಸೆರಗು ಸರಿಮಾಡಿಕೊಂಡೇ ನಿಲ್ಲುವುದು. ಹನುಮಂತರಾಯಪ್ಪ ಸ್ಕೂಟರ್ ತೆಗೆದ. ರಿಂಗ್ ರೋಡಿನ ಧೂಳು ಕುಡಿದು ಹೋಗಿ, ಅಕ್ಕನನ್ನು ಹಿಂದೆ ಕೂರಿಸಿಕೊಂಡು, ದಾರಿಯುದ್ದಕ್ಕೂ ಮಕ್ಕಳ ಮೇಲೆ ದೂರು ಹೇಳುತ್ತ ಬಂದ. ದಾರಿಯುದ್ದಕ್ಕೂ ಸಿದ್ದಕ್ಕ ತನ್ನ ಮೊಣಕಾಲು ನೋವಿನ ಬಗ್ಗೆ ಹೇಳುತ್ತ ಬಂದಳು.

ಶೆಡ್ಡಿನ ಬಾಗಿಲಲ್ಲಿ ಸಿದ್ದಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಾಗ ಒಳಗೆ ಅಂಜಿನಮ್ಮ ಗಣಪತಿಯನ್ನು ನೇರವಾಗಿ ಕೈಲಾಸದಿಂದಲೇ ಕರೆಯುತ್ತಿದ್ದಳು. ಗೋಡೆಯ ಸುಣ್ಣ ಒಂದು ಹಿಡಿ ಉದುರಿತು. ಅತ್ತಿಗೆಯನ್ನು ಕಂಡದ್ದೇ ಅಂಜಿನಮ್ಮ ಗಪ್ಪಾದಳು. ಲೋಕೇಶ್ ಪೆಡಲಿನಿಂದ ಕಾಲು ತೆಗೆದ. ಹನುಮಂತರಾಯಪ್ಪ ಅಕ್ಕನ ಹಿಂದೆ ನಿಂತು ಕೈ ಕಟ್ಟಿಕೊಂಡ.

"ಯಾಕ್ ನಿಲ್ಸಿದ್ರಿ?" ಎಂದಳು ಸಿದ್ದಕ್ಕ. "ಪದ ಏಳ್ರವ್ವ, ಏಳಿ. ನಿಮ್ಮನೆ ಪದ ನನ್ ಕಿವಿಗೆ ಬಿದ್ದಿದ್ದು ಇವತ್ತೇಯ."

ಸಿದ್ದಕ್ಕ ಯಾರ ಉತ್ತರಕ್ಕೂ ಕಾಯುವವಳಲ್ಲ. ಹಾಗಾಗಿ ಅವಳಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ ಎನ್ನುವುದು ಅದುವರೆಗೆ ಯಾರಿಗೂ ಗೊತ್ತೇ ಆಗಿರಲಿಲ್ಲ. ಅವಳು ಕುರ್ಚಿ ಎಳೆದುಕೊಂಡು ಡ್ರಮ್ಮಿನ ಪಕ್ಕದಲ್ಲಿ ಕೂತಳು. ಮೂರು ಹಾಡು ಕೇಳಿ, ತಮ್ಮನ ಕಡೆ ಕನಿಕರದಿಂದ ತಿರುಗಿದಳು.

"ಇಷ್ಟು ವರ್ಸ ನೀನು ಆ ಪೆಟ್ಗೆ ಮುಂದೆ ನಿಂತ್ಕಂಡು ಅದನ್ನ ಒರಸ್ತಾ ಇದೀಯ ಅನ್ಕಂಡಿದ್ದೆ ಕಣೋ ಅನ್ಮಂತ. ಈ ಕಡೆ ದೂಳು ಜಾಸ್ತಿ, ಪಾಪ, ಅಂತ."

ದಿವ್ಯಾ ಮುಖ ತಿರುಗಿಸಿಕೊಂಡು ಕೆಮ್ಮಿದಳು.

ಮಧ್ಯಾಹ್ನದ ಊಟ ಬಿಟ್ಟು ಹನುಮಂತರಾಯಪ್ಪ ಗಣೇಶ ಸಮಿತಿಯ ಅಧ್ಯಕ್ಷ ದಾಸಪ್ಪನ ಹಾರ್ಡ್‌ವೇರ್ ಅಂಗಡಿಗೆ ಹೋದ. ದಾಸಪ್ಪ ಮೊಳೆ ತೂಗುತ್ತ ಎಲ್ಲವನ್ನೂ ಕೇಳಿಸಿಕೊಂಡ. ಈಗಿನ ಹುಡುಗರು ಕೇಳುವುದು ಅದನ್ನೇ, ಫ್ಲೆಕ್ಸೂ ಆಗಿಹೋಗಿದೆ, ಅದೂ ಅಲ್ಲದೆ ನಿನ್ನ ಫೋಟೊ ಹಾಕಿದ್ದೇವಲ್ಲ, ಎಂದ. ಕಪ್ಪು ಕನ್ನಡಕ ಚೆನ್ನಾಗಿ ಒಪ್ಪುತ್ತದೆ ಎಂದೂ ಸೇರಿಸಿದ.

ಆ ಮಾತಿಗೆ ಹನುಮಂತರಾಯಪ್ಪನ ತಾಳ್ಮೆ ಹರಿಯಿತು. ಪೆಂಡಾಲಿಗೆ ಕರೆಂಟು ಹೋಗುವುದು ಮೊದಲಿನಿಂದಲೂ ಎದುರಿಗಿದ್ದ ಅವನ ಮನೆಯಿಂದಲೇ. ಸಮಿತಿ ಅಲ್ಲಿಂದ ಲೈನು ಎಳೆದುಕೊಂಡು, ಬದಲಿಗೆ ಅವನಿಗೆ ಒಂದು ಶಾಲು, ಎರಡು ಲಾಡು ಕೊಡುತ್ತಿತ್ತು.

"ಕಬ್ಬಿಣ ಶುರು ಆದ್ರೆ ಫ್ಯೂಸ್ ತೆಗೀತೀನಿ," ಎಂದ.

ದಾಸಪ್ಪನ ತಕ್ಕಡಿ ನಿಂತಿತು. "ಗಣಪತೀನ ಕತ್ಲಲ್ಲಿ ಕೂರಿಸ್ತೀಯೇನಪ್ಪಾ?"

"ಗಣಪತಿಗೆ ದೀಪ ಹಚ್ಕೊಡ್ತೀನಿ. ಆ ಗಿಟಾರ್‌ಗೆ ಮಾತ್ರ ಕೊಡಲ್ಲ."

ನಾಲ್ಕು ಗಂಟೆಗೆ ದಾಸಪ್ಪ ಖುದ್ದಾಗಿ ಮನೆಗೆ ಬಂದು ಪಂಚಾಯಿತಿ ಮಾಡಿದ. ಅಂಜಿನಮ್ಮ ಕಾಫಿ ಕೊಟ್ಟಳು, ಮಾತು ಕೊಡಲಿಲ್ಲ. ಕೊನೆಗೆ ಲೋಕೇಶ್ ಒಂದು ಒಪ್ಪಂದ ಮುಂದಿಟ್ಟ. ಮೊದಲ ಅರ್ಧ ಗಂಟೆ ಅಪ್ಪ ಹೇಳಿದ ಹಾಡು, ಅಪ್ಪನ ಕೀಬೋರ್ಡು.

"ಆ ಅರ್ಧ ಗಂಟೇಲಿ ಜನ ಒಂದೇ ಒಂದು ಸಲ ಒನ್ಸ್ ಮೋರ್ ಅಂದ್ರೆ ಸಾಕು ಅಪ್ಪಾ, ಇಡೀ ಪ್ರೋಗ್ರಾಂ ನಿಂದೇ. ಇನ್ಮುಂದೆ ನೀನಿಲ್ದೆ ತಂಡ ಇಲ್ಲ. ಅನ್ನಲಿಲ್ಲ ಅಂದ್ರೆ ನೀನು ಕುರ್ಚಿಗೆ."

ಅಂಜಿನಮ್ಮ, ದಿವ್ಯಾ ಇಬ್ಬರೂ ತಲೆಯಾಡಿಸಿದರು. ಹನುಮಂತರಾಯಪ್ಪ ಆ ದಿನ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡ. ಬೆಳಗಿನ ಉಪ್ಪಿಟ್ಟು ತಣ್ಣಗಾಗಿ ಇಟ್ಟಿಗೆಯಾಗಿದ್ದರೂ ಅವನಿಗೆ ಗೊತ್ತಾಗಲಿಲ್ಲ. ರೇಷ್ಮೆ ಜುಬ್ಬ ಇಸ್ತ್ರಿ ಮಾಡಿಸಿದ.

ಏಳು ಗಂಟೆಗೆ ಬೀದಿ ತುಂಬಿತ್ತು. ಊರವರು, ಅವನ ಹದಿನಾರು ರೂಮಿನವರು, ಅಕ್ಕಪಕ್ಕದ ಬಾಡಿಗೆ ರೂಮುಗಳವರು, ಪಾಳಿಗೆ ಹೋಗುವ ಮುಂಚೆ ಬಂದವರು, ಮುಗಿಸಿ ಬಂದವರು. ಮುಂದಿನ ಸಾಲಿನಲ್ಲಿ ಸಿದ್ದಕ್ಕ. ಹನುಮಂತರಾಯಪ್ಪ ಮೈಕು ಹಿಡಿದು, ಇದು ಸುಮಧುರ ಸಂಜೆ, ದಯವಿಟ್ಟು ಶಾಂತವಾಗಿ ಆಲಿಸಬೇಕು ಎಂದು ವಿನಂತಿಸಿಕೊಂಡ. ಜನ ಆಲಿಸಿದರು. ಮೊದಲ ಹಾಡು ಮುಗಿದಾಗ ದಾಸಪ್ಪ ಒಬ್ಬನೇ ಚಪ್ಪಾಳೆ ತಟ್ಟಿದ. ಎರಡನೆಯದಕ್ಕೆ ಹಿಂದಿನವರು ಪಾನಿಪುರಿ ಗಾಡಿಯ ಕಡೆ ಹೊರಟರು. ಮೂರನೆಯ ಹಾಡಿನ ನಡುವೆ, ಕೊಳಲಿನ ಒಂದು ಸೂಕ್ಷ್ಮ ತಿರುವಿನಲ್ಲಿ, ಎಲ್ಲರಿಗೂ ಕೇಳಿಸುವಂತೆ ಸಿದ್ದಕ್ಕ ಪಕ್ಕದವಳನ್ನು ಕೇಳಿದಳು: "ಇನ್ನೂ ಸುರು ಮಾಡ್ನಿಲ್ವಾ?"

ಲೋಕೇಶ್ ಗಡಿಯಾರ ನೋಡಿಕೊಂಡ. ಇನ್ನು ಹತ್ತು ನಿಮಿಷ ಉಳಿದಿತ್ತು.

ಹನುಮಂತರಾಯಪ್ಪ ತನ್ನ ಕೊನೆಯ ಅಸ್ತ್ರ ತೆಗೆದ. ಬೆಳದಿಂಗಳ ಮೇಲೆ ತಾನೇ ಕಟ್ಟಿದ ಹಾಡು. ಅದಕ್ಕೆ ಡ್ರಮ್ಮಿಲ್ಲ, ಗಿಟಾರಿಲ್ಲ. ಕಣ್ಣು ಮುಚ್ಚಿ ನುಡಿಸಿದ. ಬೀದಿ ನಿಶ್ಶಬ್ದವಾಯಿತು. ಎಲ್ಲೋ ನೀರು ಬೀಳುವ ಸದ್ದು ಕೇಳಿಸಿತು. ತನ್ನ ಕೊಳಲು ಜಲಪಾತವನ್ನೇ ಕಣ್ಮುಂದೆ ತರುತ್ತಿದೆ ಎಂದು ಅವನಿಗೆ ರೋಮಾಂಚನವಾಯಿತು. ಕಣ್ಣು ಬಿಟ್ಟ. ಎದುರಿಗೆ ತನ್ನದೇ ಮನೆಯ ಮೂರನೆಯ ಮಹಡಿಯ ಟ್ಯಾಂಕು ತುಂಬಿ, ಸಂಜೆ ತಾನೇ ನೆಲದಡಿಯ ಸಂಪಿನೊಳಗೆ ತುಂಬಿಸಿದ್ದ ಟ್ಯಾಂಕರ್ ನೀರು ಗೋಡೆಗುಂಟ ಧಾರಾಕಾರವಾಗಿ ಬೀದಿಗೆ ಸುರಿಯುತ್ತಿತ್ತು.

ಬಾಯಿಯ ಮುಂದೆ ಮೈಕಿದೆ ಎನ್ನುವುದು ಅವನಿಗೆ ಮರೆತುಹೋಯಿತು.

"ಯಾರ್ರೋ ಅದು ಮೋಟ್ರು ಹಾಕಿದ್ದು?"

ಎಂಟು ಸ್ಪೀಕರುಗಳಲ್ಲಿ ಆ ಮಾತು ಬೀದಿಗೆ ಅಪ್ಪಳಿಸಿತು. ಬೆಚ್ಚಿದ ದಿವ್ಯಾಳ ಕೈಯಿಂದ ಕೋಲು ಡ್ರಮ್ಮಿನ ಮೇಲೆ ಧಡ್ ಎಂದು ಬಿತ್ತು. ಲೋಕೇಶನ ಕಾಲು ಪೆಡಲಿನ ಮೇಲೆ ಬಿತ್ತು.

"ತುಂಬಿ ಹರೀತೈತೆ ಕಣ್ರೋ! ನೀರೇನು ನಿಮ್ಮಪ್ಪನ ಮನೇದಾ? ಮೋಟ್ರು ಆಫ್ ಮಾಡ್ರೋ!"

ಧಡ್, ಧಡ್, ಎಂದಿತು ಡ್ರಮ್ಮು. ಗಿಟಾರು ಗುರುಗುಟ್ಟಿತು.

ಈ ಬೈಗುಳವನ್ನು ಹನುಮಂತರಾಯಪ್ಪ ಹನ್ನೆರಡು ವರ್ಷದಿಂದ ಪ್ರತಿದಿನ ಬೆಳಿಗ್ಗೆ ಮೆಟ್ಟಿಲ ಕೆಳಗೆ ನಿಂತು ಬೈಯುತ್ತಿದ್ದ. ಅದಕ್ಕೊಂದು ಕ್ರಮವಿತ್ತು. ಮೋಟಾರಿನಿಂದ ಶುರುವಾಗಿ ಬಕೆಟ್ಟಿಗೆ ಬಂದು, ಗೇಟಿಗೆ ಹೋಗಿ, ಮೆಟ್ಟಿಲ ಮೇಲಿನ ಚಪ್ಪಲಿಗಳಲ್ಲಿ ಮುಗಿಯಬೇಕು. ಒಮ್ಮೆ ಹೊರಟರೆ ನಡುವೆ ನಿಲ್ಲಿಸಲು ಅವನಿಗೇ ಬರುತ್ತಿರಲಿಲ್ಲ. ಎದುರಿಗಿದ್ದ ಬಾಡಿಗೆದಾರರಿಗೆ ಅದು ಕಂಠಪಾಠ. ಅವನದ್ದಲ್ಲದ ರೂಮಿನವರಿಗೂ ತಮ್ಮತಮ್ಮ ಮಾಲೀಕರ ದಯೆಯಿಂದ ಸರಿಸುಮಾರು ಅದೇ ಪಾಠ ಬರುತ್ತಿತ್ತು.

"ರೂಮಿಗೆ ಬಕೆಟ್ಟು ಎಷ್ಟು?" ಎಂದು ಅವನು ಅಬ್ಬರಿಸಿದ.

"ಎರಡೇ!" ಎಂದಿತು ಇಡೀ ಬೀದಿ.

"ಗೇಟು ಹಾಕ್ರೋ!"

"ಹಾಕಿದ್ವಿ!"

ಅಂಜಿನಮ್ಮ ತಡೆಯಲಾರದೆ ಎರಡನೆಯ ಮೈಕು ಎಳೆದುಕೊಂಡು, ಗಂಟಲು ಪೂರ್ತಿ ಬಿಚ್ಚಿ, 'ಮೋಟ್ರು ಆಫ್ ಮಾಡ್ರೋ' ಎಂದು ತಾರಕದಲ್ಲಿ ಪಲ್ಲವಿ ಹಿಡಿದಳು. ಪಾನಿಪುರಿ ತಿನ್ನಲು ಹೋದವರು ಬಾಯಲ್ಲಿದ್ದದ್ದನ್ನು ನುಂಗದೆ ಓಡಿ ಬಂದರು. ಸಿದ್ದಕ್ಕ ಎದ್ದು ನಿಂತು, "ಈಗ ಸುರು ಆಯ್ತು," ಎಂದಳು.

ರೇವಣಸಿದ್ದ ಗುಂಪು ಸೀಳಿಕೊಂಡು ಹೋಗಿ ಮೋಟಾರು ನಿಲ್ಲಿಸಿದ. ನೀರು ನಿಂತಿತು. ಚಪ್ಪಲಿಯ ವಿಚಾರ ಮುಗಿದಿದ್ದರಿಂದ ಹನುಮಂತರಾಯಪ್ಪನೂ ನಿಂತ. ಜುಬ್ಬ ಬೆವರಿಗೆ ಅಂಟಿಕೊಂಡಿತ್ತು. ಮಾನ ಹೋಯಿತಲ್ಲ ಎಂದು ಅವನು ತಲೆ ತಗ್ಗಿಸಿದ.

"ಒನ್ಸ್ ಮೋರ್!" ಎಂದು ಹಿಂದಿನಿಂದ ಯಾರೋ ಕೂಗಿದರು. ಆಮೇಲೆ ಎಲ್ಲರೂ ಕೂಗಿದರು.

ಲೋಕೇಶ್ ಅಪ್ಪನ ಮುಖ ನೋಡಿದ. ಹನುಮಂತರಾಯಪ್ಪ ಮೈಕನ್ನು ಪಕ್ಕಕ್ಕೆ ಸರಿಸಿ, ಏನೂ ಆಗಿಲ್ಲ ಎಂಬಂತೆ ಕೀಬೋರ್ಡಿನ ಮುಂದೆ ನಿಂತು, ಬೆಳದಿಂಗಳನ್ನು ನಿಂತಲ್ಲಿಂದ ಮುಂದುವರಿಸಿದ. ನಾಲ್ಕು ಸ್ವರ ಆಗಿರಬಹುದು. ಮತ್ತೆ ನೀರು ಬೀಳುವ ಸದ್ದು. ತಲೆಯೆತ್ತಿ ನೋಡಿದ. ನೀರು ಮೊದಲಿಗಿಂತ ಜೋರಾಗಿ ಇಳಿಯುತ್ತಿತ್ತು. ಮೋಟಾರಿನ ಸ್ವಿಚ್ಚಿನ ಹತ್ತಿರ ರೇವಣಸಿದ್ದ ನಿಂತಿದ್ದ, ಕೈ ಮುಗಿದುಕೊಂಡು.

"ಇನ್ನೊಂದ್ ಸಲ ಬೈರಿ ಮಾಲಕ್ರ," ಎಂದ. "ಭಾಳ ಛಲೋ ಬರ್ತದ."

ಎರಡನೆಯ ಸಲ ಹನುಮಂತರಾಯಪ್ಪ ಬೈದದ್ದು ಮೊದಲಿಗಿಂತ ಚೆನ್ನಾಗಿತ್ತು ಎಂದು ದಾಸಪ್ಪ ಇವತ್ತಿಗೂ ಹೇಳುತ್ತಾನೆ. ಟ್ಯಾಂಕರಿನ ಅರ್ಧ ನೀರು ಬೀದಿಯಲ್ಲಿ ಹರಿದಿತ್ತು. ಕೆಳಗಿಳಿದ ಮೇಲೆ ಲೋಕೇಶ್ ಅಪ್ಪನ ಕೈ ಕುಲುಕಿ, ಒಪ್ಪಂದ ಎಂದರೆ ಒಪ್ಪಂದ, ಒನ್ಸ್ ಮೋರ್ ಬಂದಿದೆ, ಇನ್ನು ನೀನಿಲ್ಲದೆ ತಂಡ ಇಲ್ಲ ಎಂದ. ಹಾಗಾದರೆ ಕೀಬೋರ್ಡು, ಎಂದು ಹನುಮಂತರಾಯಪ್ಪ ಕೇಳಿದ. ಒನ್ಸ್ ಮೋರ್ ಬಂದದ್ದು ಯಾವುದಕ್ಕೆ ಎಂದು ದಿವ್ಯಾ ನೆನಪಿಸಿದಳು.

ಮಹಾಲಯ ಅಮಾವಾಸ್ಯೆ ಕಳೆದ ಮೊದಲ ಭಾನುವಾರ ಮಹದೇವಪುರದ ಒಂದು ಸೀಮಂತದಲ್ಲಿ 'ಕಬ್ಬಿಣ'ದ ಕಾರ್ಯಕ್ರಮವಿತ್ತು. ಬಸುರಿಗೆ ಹಸಿರು ಬಳೆ ತೊಡಿಸಿದ ಮೇಲೆ ಹನುಮಂತರಾಯಪ್ಪ ಎರಡು ಸಲ ಬೈದ. ಹುಡುಗಿಯ ತಾಯಿ ಕೇಳಿಕೊಂಡಿದ್ದರಿಂದ ಮೂರನೆಯ ಸಲವೂ ಬೈದ.